ಸೇನಾಪತಿಯ ಪಕ್ಕದ ಸೀಟು

ಟೈಲ್ಸ್ ಅಂಗಡಿಗಳ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಸೇನಾಪತಿ. ಬೆನ್ನು ನೆಟ್ಟಗೆ ಮಾಡಿ, ಮೀಸೆಯನ್ನು ಒಂದಿಷ್ಟು ಕಿಟಕಿಯಿಂದ ಆಚೆ ಬಿಟ್ಟು, ಹಾರ್ನ್ ಊದುತ್ತ ಅವನು ತನ್ನ ಪಿಕಪ್ ಲಾರಿಯನ್ನು ಬೀದಿಗೆ ತಂದನೆಂದರೆ ತಳ್ಳುಗಾಡಿಯವರು, ಸೈಕಲ್ಲಿನವರು, ನಡುಬೀದಿಯಲ್ಲಿ ಮಲಗಿದ ನಾಯಿಗಳು, ಸಮಸ್ತರೂ ದಾರಿ ಬಿಡಬೇಕು. ಲಾರಿಗೆ ಅವನೇ ಇಟ್ಟ ಹೆಸರು ಪಟ್ಟದಾನೆ. ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನು ಪಟ್ಟಿಗಳು ಕಾರ್ಖಾನೆಯಿಂದ ಬಂದಷ್ಟು ಸಾಲದೆಂದು ಎರಡು ದಪ್ಪ ಪಟ್ಟಿಗಳನ್ನು ಹೆಚ್ಚಿಗೆ ಹಾಕಿಸಿದ್ದ. ಬೇರೆ ಗಾಡಿಗಳು ಎರಡು ಸಲ ಹೊರುವುದನ್ನು ಪಟ್ಟದಾನೆ ಒಂದೇ ಸಲಕ್ಕೆ ಹೊರುತ್ತಿತ್ತು. ಅದನ್ನು ಅವನು ದಿನಕ್ಕೊಮ್ಮೆಯಾದರೂ ಯಾರ ಕಿವಿಗಾದರೂ ಹಾಕದಿದ್ದರೆ ಊಟ ಸೇರುತ್ತಿರಲಿಲ್ಲ.

ಇಂಥ ಸೇನಾಪತಿಗೆ ಮಂತ್ರಿಯಾಗಿ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು ಹೆಂಡತಿ. ಯಾವ ಓಣಿಯಲ್ಲಿ ಯಾರ ಮನೆ, ಯಾವ ಬಚ್ಚಲಿಗೆ ನೀಲಿ ಟೈಲ್ಸ್, ಯಾವ ಗಿರಾಕಿ ತಕರಾರು ತೆಗೆಯುವವನು, ಎಲ್ಲ ಅವಳ ತಲೆಯೊಳಗೆ. ಅವನಿಗೋ ದಿಕ್ಕುಗಳ ಜೊತೆ ಹುಟ್ಟಿನಿಂದಲೇ ಮಾತುಕತೆ ಇಲ್ಲ. ಅವಳು "ಎಡಕ್ಕೆ" ಅಂದರೆ ಎಡಕ್ಕೆ, "ನಿಲ್ಲಿಸಿ" ಅಂದರೆ ನಿಲ್ಲುವುದು. ಹೀಗೆ ಸಂಸಾರವೂ ವ್ಯಾಪಾರವೂ ಒಂದೇ ಗೇರಿನಲ್ಲಿ ಸಾಗಿದ್ದವು.

ಆಮೇಲೆ ಅವಳ ಸೊಂಟ ಹಿಡಿಯಿತು. ಡಾಕ್ಟರು ಕುಲುಕಾಟ ಕೂಡದು ಅಂದರು.

"ಇನ್ನು ನಿಮ್ಮ ಆನೆ ನಿಮಗೆ, ನನ್ನ ಸೊಂಟ ನನಗೆ," ಅಂದಳು ಅವಳು. "ಟೈಲ್ಸ್ ಅಂಗಡಿ ಅಣ್ಣ ಕ್ಯಾಶಿಗೆ ಕೂತ್ಕೋ ಬಾರಮ್ಮ ಅಂತಿದಾರೆ. ವಾರ ಮುಗಿಯೋದ್ರೊಳಗೆ ಹೇಳ್ತೀನಿ ಅಂದಿದೀನಿ."

"ಅಂದ್ರೆ, ನಾನೊಬ್ನೇ ಹೋಗ್ಬೇಕಾ?"

"ನಿಮ್ಮ ಮೀಸೆ ಇದೆಯಲ್ರೀ ಜೊತೆಗೆ."

ಮಾರನೆಯ ದಿನ ಸೇನಾಪತಿ ಯಾರದೋ ಅಡುಗೆಮನೆಯ ಬಿಳಿ ಟೈಲ್ಸನ್ನು ಇನ್ಯಾರದೋ ಮನೆಯ ಮೂರನೇ ಮಹಡಿಗೆ ಏರಿಸಿ, ಬೈಸಿಕೊಂಡು, ಮತ್ತೆ ಇಳಿಸಿ ಬಂದ. ಬೈಗುಳ ಅವನಿಗೆ ಹೊಸದಲ್ಲ. ಆದರೆ ದಾರಿಯುದ್ದಕ್ಕೂ ಪಕ್ಕಕ್ಕೆ ತಿರುಗಿ "ನೋಡಿದ್ಯಾ ಅವನ ಸೊಕ್ಕು" ಅಂದಾಗಲೆಲ್ಲ ಖಾಲಿ ಸೀಟು ಹೂಂಗುಟ್ಟಲಿಲ್ಲ. ಅದು ಅವನ ಎದೆಗೆ ನಾಟಿತು. ಅವಳನ್ನು ಆ ಸೀಟಿಗೆ ತಿರುಗಿ ತಂದೇ ತೀರುತ್ತೇನೆಂದು ಸ್ಟೀರಿಂಗ್ ಮುಟ್ಟಿ ಆಣೆ ಮಾಡಿದ.

ಗ್ಯಾರೇಜಿನ ಮೆಕ್ಯಾನಿಕ್ ಅವನ ಬಾಲ್ಯದ ಗೆಳೆಯ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅವನ ಅಡ್ಡಹೆಸರು ಮೌನಿ. ಮೌನಿ ಗಾಡಿಯ ಕೆಳಗೆ ತೂರಿ, ಅಲ್ಲಿಂದಲೇ ಭಾಷಣ ಶುರುಮಾಡಿದ.

"ಲೋ, ಆ ಎರಡು ಪಟ್ಟಿ ಬಿಚ್ಚಿಸು. ಚಕ್ರದ ಗಾಳೀನೂ ಬಂಡೆ ಹಂಗೆ ತುಂಬಿಸಿದೀಯ. ಇದರ ಮೇಲೆ ಕೂತೋರ ಸೊಂಟ ಉಳಿಯುತ್ತೇನೋ?"

"ಪಟ್ಟಿ ಮಾತು ಎತ್ತಬೇಡ. ಬೇರೆ ಏನು ಬೇಕಾದ್ರೂ ಮಾಡು."

ಬೇರೆಯದೆಲ್ಲ ಆಯಿತು. ಕುಲುಕಾಟ ನುಂಗುವ ಹೊಸ ಶಾಕ್ ಅಬ್ಸಾರ್ಬರ್ ಬಂದವು. ಕೀಲುಗಳ ನಡುವಿನ ಸವೆದ ರಬ್ಬರ್ ಬುಷ್‌ಗಳು ಹೋಗಿ ಹೊಸವು ಕೂತವು. ಪಕ್ಕದ ಸೀಟಿಗೆ ಸಿಂಹಾಸನಕ್ಕೂ ಹೊಟ್ಟೆಕಿಚ್ಚು ಬರುವಂಥ ದಪ್ಪ ಸ್ಪಂಜು ಕೂತಿತು. ಸೇನಾಪತಿ ಗಾಡಿಯ ತುಂಬ ಟೈಲ್ಸ್ ಹೇರಿ, ಡ್ಯಾಶ್‌ಬೋರ್ಡಿನ ಮೇಲೆ ನೀರಿನ ಲೋಟ ಇಟ್ಟು, ಊರಿನ ಅತಿ ಕೆಟ್ಟ ರಸ್ತೆಗೆ ದಂಡೆತ್ತಿ ಹೋದ. ನೀರು ತುಳುಕಲಿಲ್ಲ! ಲೋಟ ಕೈಯಲ್ಲಿ ಹಿಡಿದೇ ಮನೆಗೆ ನುಗ್ಗಿದ.

"ಹತ್ತು ಕಣೇ! ಬೆಣ್ಣೆ ಮೇಲೆ ಹೋದ ಹಂಗಿರುತ್ತೆ."

ಹೋಗುವಾಗ ಬೆಣ್ಣೆಯೇ. ಅವಳು "ಪರವಾಗಿಲ್ವೇ" ಅಂತ ಕೂಡ ಅಂದಳು. ಟೈಲ್ಸ್ ಇಳಿಸಿ ಹೊರಟ ಮೇಲೆ ಪಟ್ಟದಾನೆಗೆ ಮದವೇರಿತು. ಬೆನ್ನ ಮೇಲೆ ಭಾರವಿಲ್ಲದ ಆ ಗಟ್ಟಿ ಪಟ್ಟಿಗಳು ಪ್ರತಿ ಹಳ್ಳಕ್ಕೂ ಒದ್ದವು. ಹೊಸ ಸ್ಪಂಜು ಅವಳನ್ನು ಚೆಂಡಿನಂತೆ ಮೇಲಕ್ಕೆ ಚಿಮ್ಮಿಸಿತು. ಅರ್ಧ ದಾರಿಯಲ್ಲೇ ಅವಳು ಗಾಡಿ ನಿಲ್ಲಿಸಲು ಹೇಳಿ, ಸೊಂಟ ಹಿಡಿದುಕೊಂಡು ಇಳಿದು, ಬಸ್ಸು ಹತ್ತಿದಳು.

"ನಂಗೇನೂ ಆಗ್ಲಿಲ್ವಲ್ಲೋ!" ಅಂತ ಅವನು ಮೌನಿಯ ಮುಂದೆ ಗೋಳಾಡಿದ.

"ನೀನು ಸ್ಟೀರಿಂಗ್ ಹಿಡಿದಿರ್ತೀಯ. ಹಳ್ಳ ಕಂಡ ತಕ್ಷಣ ನಿನ್ನ ಮೈ ತಾನೇ ಎದ್ದು ಕೂರುತ್ತೆ. ಪಕ್ಕದಲ್ಲಿ ಕೂತೋರಿಗೆ ಏನು ಆಸರೆ ಇದೆಯೋ? ಆ ಸೀಟಲ್ಲಿ ಯಾವತ್ತಾದ್ರೂ ಕೂತಿದೀಯಾ?"

ಸ್ವಂತ ಗಾಡಿಯ ಸ್ಟೀರಿಂಗನ್ನು ಸೇನಾಪತಿ ಇನ್ನೊಬ್ಬರಿಗೆ ಮುಟ್ಟಗೊಟ್ಟವನೇ ಅಲ್ಲ. ಗಾಡಿ ಬಂದಂದಿನಿಂದ ಪಕ್ಕದ ಸೀಟು ಅವನ ಪಾಲಿಗೆ ಪರದೇಶ.

"ತಗೋ," ಅಂತ ಕೀಲಿಕೈ ಚಾಚಿದ. "ಖಾಲಿ ಗಾಡಿ. ಅದೇ ರಸ್ತೆ. ನಿಧಾನ ಮಾಡಬೇಡ."

ಮೌನಿ ನಿಧಾನ ಮಾಡಲಿಲ್ಲ. ಮೊದಲ ಹಳ್ಳಕ್ಕೆ ಸೇನಾಪತಿಯ ತಲೆ ಚಾವಣಿಯ ತಗಡಿಗೆ ಬಡಿಯಿತು. ಎರಡನೆಯದಕ್ಕೆ ನಾಲಿಗೆ ಕಚ್ಚಿಕೊಂಡ. ಮೂರನೆಯದಕ್ಕೆ ಮೀಸೆಯ ಎರಡು ತುದಿಗಳೂ ಬೇರೆ ಬೇರೆ ದಿಕ್ಕಿಗೆ ಶರಣಾದವು. ಮೌನಿ ಮಾತ್ರ ಹಳ್ಳದಿಂದ ಹಳ್ಳಕ್ಕೆ ಭಾಷಣ ಮುಂದುವರಿಸುತ್ತಲೇ ಇದ್ದ.

"ನಿಲ್ಸೋ!" ಸೇನಾಪತಿ ಕೂಗಿದ. ಸೊಂಟ ಒತ್ತಿಕೊಂಡು ಕುಳಿತ. ಇಷ್ಟು ವರ್ಷ ಅವಳು ಇದನ್ನೆಲ್ಲ ತಿಂದುಕೊಂಡೇ "ಎಡಕ್ಕೆ" ಅಂದಿದ್ದಾಳೆ. ಅವನ ಮುಖ ಇಳಿಯಿತು.

"ಬಿಚ್ಚು. ಎರಡೂ ಪಟ್ಟಿ ಬಿಚ್ಚು."

"ಅಷ್ಟು ಭಾರ ಹೊರೋಕಾಗಲ್ಲ ಆಮೇಲೆ. ಎಲ್ಲರ ಹಂಗೆ ನೀನೂ ಎರಡೆರಡು ಸಲ ಹೋಗ್ಬೇಕು. ಬೀದಿಯೋರು ನಗ್ತಾರೆ."

"ನಗಲಿ. ಅವಳ ಜೊತೆ ಎರಡು ಸಲ ಹೋದ್ರೆ ನನಗೇನು ನಷ್ಟ?"

ಪಟ್ಟಿಗಳು ಗ್ಯಾರೇಜಿನ ನೆಲಕ್ಕೆ ಠಣ್ಣೆಂದು ಬಿದ್ದವು. ದಪ್ಪ ಸ್ಪಂಜು ಹೋಗಿ, ಕೂತವರನ್ನು ಹಿಡಿದಿಡುವ ಗಟ್ಟಿ ಗಾದಿ ಬಂತು. ಭಾರ ಇಳಿಸಿದ ಮೇಲೆ ಚಕ್ರದ ಗಾಳಿ ಇಳಿಸಬೇಕು, ಹೇರುವ ಮೊದಲು ತುಂಬಿಸಬೇಕು ಎಂಬ ಹೊಸ ವ್ರತವನ್ನೂ ಸೇನಾಪತಿ ಹಿಡಿದ. ಪಂಪು ಗಾಡಿಯಲ್ಲೇ ಇಟ್ಟುಕೊಂಡ.

ವಾರದ ಕೊನೆಯ ದಿನ ಬೆಳಿಗ್ಗೆ ಹೆಂಡತಿ ಕ್ಯಾಶಿನ ಕೆಲಸಕ್ಕೆ ಹೂಂ ಅನ್ನಲು ಚಪ್ಪಲಿ ಮೆಟ್ಟುತ್ತಿದ್ದಳು. ಗಾಡಿ ಬಾಗಿಲಲ್ಲಿ ನಿಂತಿತ್ತು, ಖಾಲಿ.

"ಅಂಗಡಿವರೆಗೆ ಬಿಡ್ತೀನಿ. ಆ ಕೆಟ್ಟ ರಸ್ತೇಲೇ."

ಅವಳು ಅವನನ್ನೂ, ಅವನ ಹಣೆಯ ಬುಗುಟನ್ನೂ ನೋಡಿದಳು. "ಇದೇನ್ರೀ ಇದು?"

"ನಿನ್ನ ಸೀಟಲ್ಲಿ ಕೂತಿದ್ದೆ."

ಅವಳು ನಕ್ಕುಬಿಟ್ಟಳು. ಟೀ ಲೋಟವನ್ನು ಕೈಯಲ್ಲಿ ಹಿಡಿದೇ ಹತ್ತಿದಳು. ಮೊದಲ ಹಳ್ಳಕ್ಕೆ ಗಾಡಿ ಬಗ್ಗಿತು, ಎದ್ದಿತು, ಸುಮ್ಮನಾಯಿತು. ಅವಳು ಒಂದು ಗುಟುಕು ಕುಡಿದಳು. ಸೇನಾಪತಿ ಅವಳ ಸೊಂಟದ ಕಡೆಗೇ ಕಣ್ಣಿಟ್ಟು, ಅಂಗಡಿಯ ತಿರುವನ್ನು ದಾಟಿಕೊಂಡು ಹೋದ.

"ರೀ, ಅಂಗಡಿ ಹಿಂದೆ ಹೋಯ್ತು."

"ಅಯ್ಯೋ, ತಿರುಗಿಸ್ಲಾ?"

ಅವಳು ಉಳಿದ ಟೀ ಮುಗಿಸಿ ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲೆ ಬೋರಲು ಹಾಕಿದಳು.

"ಬೇಡ. ಗೋಡೌನಿಗೆ ನಡೀರಿ, ಇವತ್ತಿನ ಲೋಡು ಹಾಗೇ ಬಿದ್ದಿರುತ್ತೆ. ಎಡಕ್ಕೆ. ಎಡಕ್ಕೆ ಅಂದೆ, ಅದು ಬಲ!"