ವೈನಿಯ ಅರವತ್ತು ಬಟ್ಟಲು

ಕುಂಬಾರಿಕೆಯ ಚಕ್ರದ ಮುಂದೆ ಕೂರುವ ಮೊದಲು ನಮ್ಮ ವೈನಿ ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈವರೆಗೆ ಏರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಎದ್ದ ಮೇಲೆ ಕೈ ತೊಳೆಯುತ್ತಿದ್ದರು, ಬಳೆಗಳ ಕೆಳಗಿನ ಮಣ್ಣನ್ನು ಮರೆಯುತ್ತಿದ್ದರು. ಅವರು ಬಡಿದ ರೊಟ್ಟಿಯಲ್ಲಿ ಎಷ್ಟು ಸಲ ನನ್ನ ಹಲ್ಲಿಗೆ ಉಸುಕು ಸಿಕ್ಕಿದೆಯೋ! ಹೇಳಿದರೆ, "ಹೊಟ್ಟ್ಯಾಗ ಹೋದ್ರ ಏನೂ ಆಗಂಗಿಲ್ಲ ತಗೋರಿ ಮಾಸ್ತರ್ರ, ಕಾಗಿಣಾದ ಮಣ್ಣದ" ಎಂದು ನಗುತ್ತಿದ್ದರು.

ಅವರು ನನ್ನ ಅಣ್ಣನ ಹೆಂಡತಿ. ಕಲಬುರಗಿಯಲ್ಲಿ ಕಲೆ ಓದಿ ಸೇಡಂನ ನಮ್ಮ ಮನೆಗೆ ಸೊಸೆಯಾಗಿ ಬಂದವರು, ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಪಾತ್ರೆ ಸುಡುವ ಭಟ್ಟಿ ಕಟ್ಟಿಸಿ, ಅದನ್ನೇ ಸ್ಟುಡಿಯೋ ಮಾಡಿಕೊಂಡರು. ಅವರ ಜೊತೆ ನಾನು ಜಗಳವಾಡದ ವಾರವಿಲ್ಲ.

ಜಗಳದ ಮೂಲ ಮಣ್ಣು. ನಮ್ಮ ನೆಲದ ತುಂಬ ಸುಣ್ಣದಕಲ್ಲು. ಅದಕ್ಕೇ ಇಲ್ಲಿ ದಿಕ್ಕಿಗೊಂದು ಸಿಮೆಂಟ್ ಕಾರ್ಖಾನೆ. ಮಳಖೇಡದ ಕಾಗಿಣಾ ಹೊಳೆದಂಡೆಯ ಮಣ್ಣನ್ನು ಎಷ್ಟು ಸೋಸಿದರೂ ಸಾಸಿವೆಯಷ್ಟು ಸುಣ್ಣದ ಹರಳು ಉಳಿದೇಬಿಡುತ್ತದೆ. ಸುಟ್ಟಾಗ ಏನೂ ಕಾಣುವುದಿಲ್ಲ. ವಾರಗಳ ಮೇಲೆ ಆ ಹರಳು ಗಾಳಿಯ ತೇವ ಹೀರಿ ಉಬ್ಬಿ, ಮೇಲಿನ ಹೊಳಪಿನ ಲೇಪವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಆದ್ದರಿಂದ ಒಂದು ಮಳೆಗಾಲ ಹಲಗೆಯ ಮೇಲೆ ಕೂರದೆ ಯಾವ ಪಾತ್ರೆಯೂ ಅವರ ಹೊಸ್ತಿಲು ದಾಟುವಂತಿರಲಿಲ್ಲ. ಹೊರಗಿನಿಂದ ಒಳ್ಳೆಯ ಮಣ್ಣು ತರಿಸಿ ಎಂದು ನಾನು ಗಂಟಲು ಹರಿದುಕೊಂಡೆ. "ಈ ಮಣ್ಣಾಗ ತೊಗರಿ ಬೆಳೀತದ, ಬಟ್ಟಲ ಯಾಕ ಆಗಂಗಿಲ್ರಿ?" ಅನ್ನುವುದು ಅವರ ವಾದ. ಕಲ್ಲಾದರೂ ಕರಗೀತು, ವೈನಿ ಕರಗಲಿಲ್ಲ.

ಚಿತ್ತಾಪುರದಲ್ಲಿ ಮನೆ ಕಟ್ಟಿಸಿದಾಗ, ಗೃಹಪ್ರವೇಶಕ್ಕೆ ಬಂದವರಿಗೆಲ್ಲ ವೈನಿ ಮಾಡಿದ ಬಟ್ಟಲು ಕೊಡುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದೆ. ಎಳೆ ತೊಗರಿಕಾಯಿಯ ಬಣ್ಣದ ಅರವತ್ತು ಬಟ್ಟಲು ಭಟ್ಟಿಯಿಂದ ಇಳಿದವು. ಗೃಹಪ್ರವೇಶ ಮೇ ತಿಂಗಳಲ್ಲಿ. "ಶ್ರಾವಣದ ತನಕ ತಡೀರಿ. ಈಗ ಸ್ಟೀಲ್ ಡಬ್ಬಿ ಕೊಡ್ರಿ" ಎಂದರು ವೈನಿ. ಮೈಯೆಲ್ಲ ಉರಿಯಿತು ನನಗೆ. ಅವರು ತವರಿಗೆ ಹೋದ ದಿನ ಬಟ್ಟಲುಗಳನ್ನು ಪೇಪರಿನಲ್ಲಿ ಸುತ್ತಿ ಒಯ್ದುಬಿಟ್ಟೆ.

ಗೃಹಪ್ರವೇಶದ ದಿನ ಬಟ್ಟಲುಗಳನ್ನು ಕಂಡು ವೈನಿ ಒಮ್ಮೆ ನನ್ನ ಮುಖ ನೋಡಿದರು. ಎಲೆ ಅಡಿಕೆಯ ಜೊತೆ ತಾವೇ ನಿಂತು ಹಂಚಿದರು.

ಜುಲೈಯಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ವಾಟ್ಸ್ಯಾಪಿಗೆ ಫೋಟೋ ಬರತೊಡಗಿದವು. ಬಟ್ಟಲಿನ ಮೈಯೆಲ್ಲ ಬಿಳಿ ಚಕ್ಕೆ. ಒಬ್ಬರಿಗೆ ಮೊಸರಿನಲ್ಲಿ ಚೂರು ಸಿಕ್ಕಿತಂತೆ. ವೈನಿ ನನ್ನನ್ನು ಬೈಯಲಿಲ್ಲ; ಬೈಯದಿದ್ದುದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. "ಗಾಡಿ ತೆಗೀರಿ" ಎಂದರು, ಅಷ್ಟೇ. ವಾಡಿ, ಶಹಾಬಾದ್, ಆಡಕಿ ಎಂದು ಮೂರು ಭಾನುವಾರ ಮನೆಮನೆ ಸುತ್ತಿ ಬಟ್ಟಲು ವಾಪಸ್ ತಂದೆವು.

ಆಡಕಿಯಲ್ಲಿ ನಮ್ಮ ಸೋದರಮಾವ ಕೇಳಿದರು: "ಇಷ್ಟು ಓದಿ ಇದೇನವ್ವಾ, ಇಂಥಾ ಕಚ್ಚಾ ಕೆಲಸ?"

ವೈನಿ ಕೈಯಲ್ಲಿದ್ದ ಬಟ್ಟಲನ್ನು ನಿಧಾನವಾಗಿ ಪೇಪರಿನಲ್ಲಿ ಸುತ್ತಿ, "ಮಣ್ಣು ಸೋಸೋದ್ರಾಗ ನಂದೇ ತಪ್ಪಾಗ್ಯದ್ರಿ ಮಾವಾ" ಎಂದರು.

ಬರುವಾಗ ದಾರಿಯಲ್ಲಿ ರೇಗಿದೆ: "ಹಂಗ್ಯಾಕ ಅಂದ್ರಿ?"

"ನೀವು ಹೇಳ್ತೀರೇನೋ ಅಂತ ಒಂದೀಟು ದಾರಿ ನೋಡ್ದೆ ಮಾಸ್ತರ್ರ. ನೀವು ಚಹಾ ಕುಡೀಲಕತ್ತಿದ್ರಿ."

ಅಂದಿನಿಂದ ನಮ್ಮ ಬಳಗದಲ್ಲಿ ವೈನಿಯ ಬಟ್ಟಲೆಂದರೆ ನಗೆಚಾಟಿಕೆ. ಹೈದರಾಬಾದಿನವರು ಬಂದು, ಹೇಳಿದಷ್ಟು ದಿನ ಕಾದು, ಅವರ ಪಾತ್ರೆ ಒಯ್ಯುತ್ತಿದ್ದರು. ನಮ್ಮವರು ಮುಟ್ಟಲಿಲ್ಲ. ವೈನಿಗೆ ಬೇಕಾಗಿದ್ದುದು ನಮ್ಮವರ ಮನೆಯ ಊಟದ ಅಡ್ಡಣಿಗೆಯ ಮೇಲೆ ನಮ್ಮ ಮಣ್ಣಿನ ಬಟ್ಟಲು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಜ್ವರವೆಂದು ಮಲಗಿದ ವೈನಿ ಮೇಲೇಳಲಿಲ್ಲ. ಶಿವಗಣಾರಾಧನೆಯ ದಿನ ಊಟದ ಸಾಲಿನಲ್ಲಿ ಅದೇ ಸೋದರಮಾವ, "ಹೆಣ್ಮಗಳು ಬಂಗಾರದಂಥಾಕಿ. ಕೆಲಸ ಒಂದೇ ಕಚ್ಚಾ ಇತ್ತು" ಎಂದು ನಿಟ್ಟುಸಿರಿಟ್ಟರು. ಸಾಲಿನಲ್ಲಿದ್ದವರೆಲ್ಲ ಹೌದೆಂದರು. ತರಗತಿಯಲ್ಲಿ ಮುಕ್ಕಾಲು ತಾಸು ಬಾಯಿ ಮುಚ್ಚದ ನಾನು ತಲೆ ತಗ್ಗಿಸಿ ಅನ್ನ ಕಲಸಿಕೊಂಡೆ.

ಮಾವನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ. ಇದನ್ನೂ ಓದುತ್ತಾರೆ.

ಮಾವಾ, ತಪ್ಪು ವೈನೀದಲ್ರಿ. ತಡೀರಿ ಅಂದಿದ್ರು ಅವರು. ಕೇಳದ ಒಯ್ದಾಂವ ನಾನು.