ಟವೆಲ್ಲಿನಡಿಯ ಪಗಾರ

ಬ್ಯಾಡಗಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮಾಸ್ತರಿಕೆ ಶುರುಮಾಡಿ ಇಪ್ಪತ್ನಾಲ್ಕು ವರ್ಷ ತುಂಬಿತ್ತು. ಊರೆಲ್ಲ ನಮಸ್ಕಾರ ಹಾಕುತ್ತಿತ್ತು. ನಮಸ್ಕಾರಕ್ಕೇನೂ ಖರ್ಚಿಲ್ಲ, ಸರಕಾರವೂ ಅದನ್ನೇ ನಂಬಿ ನಮ್ಮ ಪಗಾರ ಗೊತ್ತುಮಾಡಿದಂತಿತ್ತು.

ಎಂಬತ್ತರ ದಶಕದ ಕೊನೆಯ ಆ ವರ್ಷ ನನ್ನ ಹಿರಿಯ ಮಗಳಿಗೆ ಹಾವೇರಿಯ ಸಂಬಂಧವೊಂದು ಬಂತು. ಹುಡುಗ ನಾಲ್ಕು ವರ್ಷದಿಂದ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿದ್ದ. ಇಬ್ಬರೂ ಒಪ್ಪಿದ್ದರು. ಎಂದೂ ಹಾಡದ ಮಗಳು ರೊಟ್ಟಿ ಬಡಿಯುತ್ತ ಗುನುಗತೊಡಗಿದ್ದಳು. ಮಾತುಕತೆ ಮುಗಿಸಲು ನಾನು ಹಾವೇರಿಗೆ ಹೋದೆ.

ಹುಡುಗನ ತಂದೆ ದನದ ಪೇಟೆಯ ದಲ್ಲಾಳಿ. ಎತ್ತಿನ ರೇಟನ್ನು ಆ ಮಂದಿ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನಡಿ ಕೈ ಹಿಡಿದು ಬೆರಳು ಒತ್ತುತ್ತಾರೆ, ಬೆರಳಿಗೊಂದು ಸಾವಿರ. ನಾಲ್ಕು ಜನರೆದುರು ನನ್ನ ಪಗಾರ ಕೇಳಿ ಮುಜುಗರ ಮಾಡಬಾರದೆಂದು ಆ ಪುಣ್ಯಾತ್ಮರು ನಮ್ಮಿಬ್ಬರ ಕೈ ಮೇಲೆ ಟವೆಲ್ ಹಾಕಿದರು. ಮಗನದು ಇಷ್ಟೆಂದು ಮೂರು ಬೆರಳು ಒತ್ತಿ, ನಿಮ್ಮದೆಷ್ಟು ಎಂಬಂತೆ ನೋಡಿದರು. ನಾನು ಎರಡು ಒತ್ತಿದೆ.

ಅವರು ಕೈ ಬಿಡಲಿಲ್ಲ. ಪೇಟೆಯಲ್ಲಿ ಮೊದಲು ಒತ್ತಿದ್ದು ಎಂದೂ ಖರೇ ರೇಟಲ್ಲ, ಮುಂದಿನದಕ್ಕೆ ಕಾಯುವುದು ವಾಡಿಕೆ. ನಾನು ಮತ್ತೆ ಅದೇ ಎರಡು ಒತ್ತಿದೆ. ಮೂರನೆಯ ಸಲವೂ ಅಷ್ಟೇ. ಇಷ್ಟು ಹಟಮಾರಿ ವ್ಯಾಪಾರಿಯನ್ನು ಅವರು ಪೇಟೆಯಲ್ಲೂ ಕಂಡಿರಲಿಕ್ಕಿಲ್ಲ. ಸರ್ವಿಸ್ ಎಷ್ಟಾಯಿತೆಂದು ಕೇಳಿದರು, ಹೇಳಿದೆ. ಅವರ ಮುಖ ಬಿಗಿಯಿತು. ವರದಕ್ಷಿಣೆಯ ಮಾತು ಬಂದೀತೆಂದು ನಾನು ಪಗಾರ ಮುಚ್ಚಿಡುತ್ತಿದ್ದೇನೆಂದೇ ತಿಳಿದರು.

"ಮಾಸ್ತರ್ರ, ಹುಡುಗರಿಗೆ ಖರೇ ಹೇಳಾಕ ಕಲಸಾವ್ರು ನೀವು. ಸುಳ್ಳು ಹೇಳೋ ಮನಿತನ ನಮಗ ಬ್ಯಾಡ್ರಿ," ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ನಿಜ ಹೇಳಿ ಸಂಬಂಧ ಕಳೆದುಕೊಂಡೆನೆಂದು ಮಗಳಿಗೆ ಯಾವ ಮುಖದಲ್ಲಿ ಹೇಳಲಿ?

ಬಾಗಿಲಲ್ಲಿ ನಿಂತಿದ್ದ ಹುಡುಗ ಆಗ ಮಾತಾಡಿದ.

"ಅಪ್ಪಾ, ಅವರು ಖರೇನ ಹೇಳ್ಯಾರ. ನನಗೂ ಮಾಸ್ತರ ಆಗಬೇಕಂತ ಭಾಳ ಆಸೆ ಇತ್ತು. ನಮ್ಮ ಸಾಲಿ ಮಾಸ್ತರ ತಮ್ಮ ಪಗಾರ ಹೇಳಿ, ಬ್ಯಾಡೋ ತಮ್ಮಾ, ಫ್ಯಾಕ್ಟರಿಗೆ ಹೋಗು ಅಂದ್ರು."

ತಂದೆ ಹೆಗಲ ಟವೆಲ್ ತೆಗೆದಿಟ್ಟು, ತಪ್ಪಾಯಿತೆಂದು ನನ್ನ ಕೈ ಹಿಡಿದರು. ಸಂಬಂಧ ಗಟ್ಟಿಯಾಯಿತು. ಹಿರಿಯರು ಸಕ್ಕರೆ ಹಂಚಿದರು. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು. ನನ್ನ ಕೈಯಲ್ಲಿ ಕಲಿತ ಜಾಣ ಹುಡುಗಿಯೊಬ್ಬಳು ಹಿಂದಿನ ವಾರವಷ್ಟೇ ಬಂದು, ತಾನೂ ಟೀಚರ್ ಆಗುತ್ತೇನೆಂದಿದ್ದಳು. ಬೇಡವೆಂದು ಹೇಳಿ ಕಳಿಸಿದವನು ನಾನೇ.