ಅಂಗಡಿಯಲ್ಲಿ ಕಂಡ ಮಲಗುವ ಕೋಣೆ

ಮೊಮ್ಮಗಳ ಶಾಲೆಯ ಪಾಠಕ್ಕೆಂದು ಲ್ಯಾಪ್‌ಟಾಪ್ ಕೊಳ್ಳಲು ಹೊಸಕೋಟೆ ಕಡೆಯ ನಮ್ಮ ವಿಜಯಪುರದ ಅಂಗಡಿಯೊಂದಕ್ಕೆ ಹೋಗಿದ್ದೆ. ಮಗು ಅದರಲ್ಲಿ ಬೇಡದ್ದನ್ನು ನೋಡುವಂತಿರಬಾರದು ಎಂದು ಮೊದಲೇ ಖಡಾಖಂಡಿತವಾಗಿ ಹೇಳಿದೆ.

"ಆ ಯೋಚ್ನೆ ಬಿಡಿ ಆಂಟಿ. ನಾನು ಮಾರಿರೋ ಲ್ಯಾಪ್‌ಟಾಪೆಲ್ಲ ಇಲ್ಲಿಂದ್ಲೇ ನೋಡ್ಕೋತೀನಿ," ಎಂದು ಅಂಗಡಿಯವನು ಹೆಮ್ಮೆಯಿಂದ ತನ್ನ ಪರದೆಯನ್ನು ನನ್ನತ್ತ ತಿರುಗಿಸಿದ.

ಆಂಟಿ ಎಂದದ್ದನ್ನು ಸಹಿಸಿಕೊಂಡೆ. ಪರದೆಯಲ್ಲಿ ಕಂಡದ್ದನ್ನು ಸಹಿಸಲಾಗಲಿಲ್ಲ. ನನ್ನ ಗೆಳತಿ ಸರೋಜಾ ನೈಟಿಯಲ್ಲಿ ತನ್ನ ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ಮಗ ಇದೇ ಅಂಗಡಿಯಲ್ಲಿ ಕೊಂಡ ಲ್ಯಾಪ್‌ಟಾಪ್ ಅವಳೆದುರೇ ತೆರೆದಿದ್ದಿರಬೇಕು.

ನೇರ ಅವಳ ಮನೆಗೆ ಹೋಗಿ ಲ್ಯಾಪ್‌ಟಾಪ್ ಮುಚ್ಚಿ, ನಡೆದದ್ದನ್ನು ಹೇಳಿದೆ.

"ಅಯ್ಯೋ, ಅವನು ನಮ್ಮ ಹುಡುಗನೇ ಕಣೇ. ಚಿಕ್ಕೋನಿದ್ದಾಗ್ಲಿಂದ ನೋಡಿದೀವಿ," ಎಂದು ಸರೋಜಾ ಮತ್ತೆ ಬಾಚಣಿಗೆ ಎತ್ತಿಕೊಂಡಳು.

ಮೊಮ್ಮಗಳ ಲ್ಯಾಪ್‌ಟಾಪನ್ನು ಹೊಸಕೋಟೆಯಲ್ಲಿ, ನಮ್ಮ ಗುರುತು ಪರಿಚಯವೇ ಇಲ್ಲದವನಿಂದ ಕೊಂಡೆ.